ತಪ್ಪು ಬೇರೆ, ಹೊಣೆ ಬೇರೆ

ಬೆಳಗ್ಗೆ ಹಾಲಿನ ಡೈರಿಯ ಮುಂದೆ ಸರದಿಯಲ್ಲಿ ನಿಂತವರಿಗೆ ಮಾತಿಗೆ ಬರವಿಲ್ಲ. ನಮ್ಮ ಕ್ಯಾಲನೂರಿನಲ್ಲಿ ಮಳೆಯ ಮಾತು, ಟೊಮ್ಯಾಟೊ ಬೆಲೆಯ ಮಾತು, ಬತ್ತಿದ ಕೊಳವೆಬಾವಿಯ ಮಾತು, ಈ ಮೂರೂ ಮುಗಿಯುವ ಹೊತ್ತಿಗೆ ಹಾಲು ಅಳೆಸುವ ಸರದಿ ಬಂದಿರುತ್ತದೆ. ಕೆಲವು ತಿಂಗಳ ಹಿಂದೆ ಒಂದು ದಿನ ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ತಮ್ಮ ಹಸುವಿನ ವಿಚಾರ ತೆಗೆದರು. "ಮೂರು ಸಲ ಡಾಕ್ಟರನ್ನ ಕರೆಸಿದ್ದಾಯ್ತಮ್ಮ, ಗಬ್ಬ ಕಟ್ಟಲಿಲ್ಲ. ಗೊಡ್ಡು ಬಿತ್ತೋ ಏನೋ, ಮಾರಿಬಿಡ್ತೀನಿ ಅಂತಾನೆ ಮಗ" ಎಂದವರು, ಉಸಿರು ಬದಲಿಸದೆ, "ನಿನಗೇನಮ್ಮ, ಏನಾದ್ರೂ ವಿಶೇಷವಾ?" ಎಂದು ಕೇಳಿದರು.

ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ನನಗೆ ಮಗುವಾದರೆ ಬಾಣಂತನಕ್ಕೆ ತಾವೇ ಬಂದು ನೀರು ಹಾಕುವುದಾಗಿ ಅವರು ಎರಡು ಸಲ ಮಾತು ಕೊಟ್ಟಿದ್ದಾರೆ. ಆದರೂ ಹಸುವನ್ನೂ ನನ್ನನ್ನೂ ಒಂದೇ ಉಸಿರಿಗೆ ಕಟ್ಟಿದ ಆ ಮಾತು ಆ ದಿನವೆಲ್ಲ ನನ್ನನ್ನು ಬಿಡಲಿಲ್ಲ. ವಿಶೇಷವಿಲ್ಲವೆಂದರೆ ಎಲ್ಲೋ ದೋಷವಿದೆ, ದೋಷ ಯಾರದು? ಈ ಎರಡನೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳದಿದ್ದರೂ ಎಲ್ಲರ ಬಳಿಯೂ ಅದಕ್ಕೊಂದು ಉತ್ತರ ಸಿದ್ಧವಾಗಿರುತ್ತದೆ. ಮದುವೆಯಾಗಿ ಏಳು ವರ್ಷ ಆ ಉತ್ತರದ ಜೊತೆ ಬಾಳಿದವಳು ನಾನು. ಆ ಪ್ರಶ್ನೆಯೇ ಸರಿಯೇ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ನನಗಿರುವ ತೊಂದರೆಗೆ ಡಾಕ್ಟರುಗಳು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎನ್ನುತ್ತಾರೆ. ಜನ ಚಿಕ್ಕದಾಗಿ ಪಿಸಿಓಡಿ ಎನ್ನುತ್ತಾರೆ. 1935ರಲ್ಲಿ ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಏಳು ಹೆಂಗಸರ ಲಕ್ಷಣಗಳನ್ನು ಒಟ್ಟುಗೂಡಿಸಿ ಇದನ್ನು ವಿವರಿಸಿದರು. ಅಂಡಾಶಯದ ತುಂಬ ನೀರುಗುಳ್ಳೆಗಳೆಂದು ಹೆಸರು ಹೇಳುತ್ತದೆಯಾದರೂ ಅವು ನಿಜವಾಗಿ ಗುಳ್ಳೆಗಳಲ್ಲ. ಅರ್ಧ ಬೆಳೆದು ನಿಂತುಹೋದ ಅಂಡಕೋಶಗಳು. ರಕ್ತದಲ್ಲಿ ಇನ್ಸುಲಿನ್ ಹೆಚ್ಚಿ, ಅದರ ಜೊತೆಗೆ ಗಂಡು ಹಾರ್ಮೋನೂ ಏರಿ, ತಿಂಗಳಿಗೊಂದು ಅಂಡ ಪಕ್ವವಾಗಿ ಹೊರಬೀಳಬೇಕಾದ ಕ್ರಮ ತಪ್ಪುತ್ತದೆ. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 6ರಿಂದ 13 ಮಂದಿಗೆ ಇದು ಇದೆಯೆಂದೂ, ಅವರಲ್ಲಿ ನೂರಕ್ಕೆ 70ರವರೆಗೆ ತಮಗಿದೆಯೆಂಬುದನ್ನೇ ಅರಿಯರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಾನೂ ಬಹುಕಾಲ ಅರಿಯದವರ ಪೈಕಿಯೇ. ಹದಿನಾರನೆಯ ವಯಸ್ಸಿನಲ್ಲಿ ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತಿದ್ದಾಗ ಮನೆಯಲ್ಲಿ "ಮದುವೆಯಾದರೆ ಎಲ್ಲ ಸರಿಹೋಗುತ್ತೆ" ಎಂದರು. ಸರಿಹೋಗಲಿಲ್ಲ. ಮದುವೆಯಾದ ಮೇಲೆ ಅದೇ ಕ್ರಮಗೇಡು ಬೇರೊಂದು ವೇಷ ಹಾಕಿತು. ಬೇರೆ ಹೆಂಗಸರಿಗೆ ಮುಟ್ಟು ನಿಂತರೆ ಅದೊಂದು ಸುದ್ದಿ. ನನಗೆ ನಲವತ್ತು ದಿನ, ಐವತ್ತು ದಿನ, ಒಮ್ಮೆ ತೊಂಬತ್ತು ದಿನ ನಿಂತಿತು. ಪ್ರತಿ ಸಲವೂ ಮನೆಯಲ್ಲಿ ಎಲ್ಲರ ಧ್ವನಿ ಮೆತ್ತಗಾಯಿತು. "ನೀರು ಹಾಕಿಕೊಂಡು ಎಷ್ಟು ದಿನವಾಯಿತಮ್ಮ?" ಎಂದು ನಮ್ಮ ಅತ್ತೆ ಕೇಳುವರು, ಬಿಂದಿಗೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳುವರು. ಆಮೇಲೆ ಒಂದು ಬೆಳಗ್ಗೆ ಎಲ್ಲ ಮುಗಿಯುವುದು; ಬಿಂದಿಗೆ ಮತ್ತೆ ನನ್ನ ಸೊಂಟಕ್ಕೆ ಬರುವುದು. ಅಂಡ ಹೊರಬೀಳುವುದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು. ಮುಂದಿನದು ಯಾವಾಗ ಎಂದು ತಿಳಿಯದವಳು ಆ ಹದಿನಾಲ್ಕನ್ನು ಎಲ್ಲಿಂದ ಹಿಂದಕ್ಕೆ ಎಣಿಸಬೇಕು? ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಹಾಕಿದ ಗುರುತುಗಳಿಗೆ ಲೆಕ್ಕವಿಲ್ಲ. ಅವುಗಳಿಂದ ತಿಳಿದದ್ದು ಏನೂ ಇಲ್ಲ.

ನಮ್ಮ ತಂದೆಯವರಿಗೆ ವೇದಾಂತದ ಗೀಳು. ಎಂದಿಗೂ ಇರಲಾರದ ವಸ್ತುವಿಗೆ ಶಾಸ್ತ್ರಕಾರರು ಕೊಡುವ ಉದಾಹರಣೆಗಳನ್ನು ಅವರು ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದರು: ಮೊಲದ ಕೊಂಬು, ಆಕಾಶದ ಹೂವು, ಬಂಜೆಯ ಮಗ. ಗೌಡಪಾದರ ಮಾಂಡೂಕ್ಯ ಕಾರಿಕೆಯಲ್ಲೂ ಈ ವಂಧ್ಯಾಪುತ್ರ ಬರುತ್ತಾನೆ. ಅವನು ನಿಜವಾಗಿಯೂ ಹುಟ್ಟಲಾರ, ಮಾಯೆಯಿಂದಲೂ ಹುಟ್ಟಲಾರ. ಆಗ ನಾವು ನಗುತ್ತಿದ್ದೆವು. ಈಗ ಯೋಚಿಸಿದರೆ ತರ್ಕಕ್ಕೆ ಆ ಉದಾಹರಣೆ ಸಾಕು, ಸಂಸಾರಕ್ಕೆ ಸಾಲದು ಎನಿಸುತ್ತದೆ. ಬಂಜೆಯೆಂಬ ಮಾತು ವಂಧ್ಯೆಯ ತದ್ಭವ. ತರ್ಕದಲ್ಲಿ ಅದಕ್ಕೆ 'ಎಂದಿಗೂ ಹೆರಲಾರದವಳು' ಎಂದರ್ಥ. ಬೀದಿಯಲ್ಲಿ ಅದನ್ನು ಅಂಟಿಸುವುದು 'ಇನ್ನೂ ಹೆರದವಳಿಗೆ'. ನನ್ನಂಥವರಲ್ಲಿ ಈ ತಿಂಗಳು ಅಂಡ ಬೆಳೆಯಲಿಲ್ಲ, ಬರುವ ತಿಂಗಳು ಬೆಳೆದೀತು, ಬೆಳೆಯದೆಯೂ ಇದ್ದೀತು. ತಾನೇ ಬೆಳೆಯದಿದ್ದರೆ ಬೆಳೆಸುವ ಮಾತ್ರೆಗಳಿವೆ. ಲೆಟ್ರೋಝೋಲ್ ಎಂಬುದನ್ನು ಮೊದಲು ಕೊಡಬೇಕೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅದನ್ನು ತೆಗೆದುಕೊಂಡವರಲ್ಲಿ ಕೆಲವರಿಗೆ ಮಕ್ಕಳಾಗಿವೆ, ಕೆಲವರಿಗೆ ಆಗಿಲ್ಲ. 'ತಿಳಿಯದು' ಎನ್ನಬೇಕಾದ ಕಡೆ 'ಇಲ್ಲ' ಎಂದು ತೀರ್ಪು ಕೊಡುವುದು ಮೊದಲನೆಯ ಅನ್ಯಾಯ.

ಎರಡನೆಯ ಅನ್ಯಾಯಕ್ಕೆ ಹಳೆಯ ಬೇರಿದೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹೆಣ್ಣನ್ನು ಕ್ಷೇತ್ರವೆಂದೂ ಗಂಡನ್ನು ಬೀಜವೆಂದೂ ಕರೆಯುತ್ತದೆ. ಅದೇ ಅಧ್ಯಾಯ, ಹೆರದ ಹೆಂಡತಿಯಿದ್ದರೆ ಎಂಟನೆಯ ವರ್ಷ ಇನ್ನೊಬ್ಬಳನ್ನು ತರಬಹುದೆನ್ನುತ್ತದೆ. 1955ರ ಹಿಂದೂ ವಿವಾಹ ಕಾಯಿದೆ ಆ ಬಾಗಿಲನ್ನು ಮುಚ್ಚಿತು. ಆದರೆ ಮನಸ್ಸಿನ ಬಾಗಿಲುಗಳಿಗೆ ಕಾಯಿದೆಯ ಅಗುಳಿ ತಾಗುವುದಿಲ್ಲ. ಏಳನೆಯ ವರ್ಷ ನಡೆಯುತ್ತಿರುವವಳಿಗೆ ಎಂಟು ಎಂಬ ಅಂಕಿ ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದನ್ನು ನಾನು ಬಲ್ಲೆ. ಹೊಲದ ಹೋಲಿಕೆಯನ್ನೇ ಒಪ್ಪಿಕೊಳ್ಳೋಣ. ನಮ್ಮ ಕೋಲಾರದ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಕೆರೆ ಮತ್ತು ಮಳೆಯನ್ನು ನಂಬಿ ಬಾಳಿದ ಜನ. ಹೋದ ಸಲ ರಾಗಿ ಪೈರು ಸರಿಯಾಗಿ ಹುಟ್ಟದಿದ್ದಾಗ ನಮ್ಮ ಅತ್ತೆ ಬೀಜವನ್ನು ಬೈದರು, ಬಿತ್ತಿದ ಹದವನ್ನು ಬೈದರು, ಮೋಡವನ್ನು ಬೈದರು. ಹೊಲವನ್ನು ಮಾತ್ರ ಬೈಯಲಿಲ್ಲ. ಹೊಲಕ್ಕೆ ತೋರುವ ಈ ನ್ಯಾಯವನ್ನು ಸೊಸೆಗೂ ತೋರಬಾರದೆ ಎಂದು ನಾನು ಅಂದುಕೊಂಡೆ. ಬಾಯಿಬಿಟ್ಟು ಅನ್ನಲಿಲ್ಲ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಅದನ್ನು ತಿಳಿಯುವ ಮೊದಲ ಪರೀಕ್ಷೆ ಹೆಂಗಸಿನ ಪರೀಕ್ಷೆಗಳಿಗಿಂತ ಎಷ್ಟೋ ಸುಲಭ. ಆದರೂ ನನಗೆ ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಮತ್ತೆ ಸ್ಕ್ಯಾನಿಂಗ್ ಎಂದು ಮೂರು ವರ್ಷ ಕಳೆದ ಮೇಲೆ ನಮ್ಮವರು ಆ ಪರೀಕ್ಷೆಗೆ ಹೋದರು. ಅವರು ಒಳ್ಳೆಯವರು, ಹೋಗಲು ನಾಚಿಕೆ, ಅಷ್ಟೆ. ವರದಿ ಬಂದಿತು. ಎಲ್ಲ ಸರಿಯಾಗಿತ್ತು. ಅದನ್ನು ಓದಿದಾಗ ನನ್ನ ಮನಸ್ಸಿನಲ್ಲಿ ಮೂಡಿದ್ದು ಸಂತೋಷವಲ್ಲ, ನಿರಾಶೆ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು. ಮಗು ಬೇಕೆಂದು ಹಂಬಲಿಸುವ ನಾನೇ, ಮಗುವಿಗೆ ಇನ್ನೊಂದು ಅಡ್ಡಿ ಇರಲೆಂದು ಒಳಗೊಳಗೆ ಹಾರೈಸಿದ್ದೆ, ತಪ್ಪಿನ ಅರ್ಧಪಾಲು ಇನ್ನೊಬ್ಬರ ಹೆಗಲಿಗೆ ಹೋಗಲಿ ಎಂದು! ಊರವರು ನನ್ನನ್ನು ಯಾವ ತಕ್ಕಡಿಯಲ್ಲಿ ತೂಗಿದ್ದರೋ ಅದೇ ತಕ್ಕಡಿಯನ್ನು ನಾನು ನಮ್ಮವರಿಗಾಗಿ ಎತ್ತಿ ಹಿಡಿದಿದ್ದೆ. ಅವರು ಏನೂ ಅರಿಯದೆ, "ಸರಿ, ಇನ್ನು ನಿನ್ನ ಮಾತ್ರೆಯೊಂದು ನೋಡಿದರೆ ಆಯಿತು" ಎಂದು ಕಾಗದವನ್ನು ಮಡಿಸಿಟ್ಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ಯಾರದೆಂದು ಹುಡುಕುವುದನ್ನು ಬಿಡಬೇಕೆಂದು ನಿಶ್ಚಯಿಸುವುದು ಸುಲಭ, ಬಿಡುವುದು ಸುಲಭವಲ್ಲ. ಹಿಂದಿನವರು ಪೂರ್ವಜನ್ಮದ ಪಾಪವೆನ್ನುತ್ತಿದ್ದರು, ನಾಗದೋಷವೆನ್ನುತ್ತಿದ್ದರು. ಓದಿದವಳಾದ ನಾನು ಅದನ್ನು ನಂಬುವುದಿಲ್ಲ. ಆದರೆ ದೇಹದ ತೂಕ ನೂರಕ್ಕೆ ಐದರಷ್ಟು ಇಳಿದರೂ ಕೆಲವರಲ್ಲಿ ಋತುಕ್ರಮ ಸುಧಾರಿಸುತ್ತದೆಂದು ಡಾಕ್ಟರು ಹೇಳಿದ ಮರುದಿನದಿಂದಲೇ ನಾನು ಪಾಪದ ಜಾಗದಲ್ಲಿ ಅನ್ನದ ತುತ್ತನ್ನು ಕೂರಿಸಿದೆ. ಯುಗಾದಿಯಲ್ಲಿ ತಿಂದ ಎರಡು ಒಬ್ಬಟ್ಟು ಯುಗಾದಿ ಕಳೆದರೂ ನನ್ನನ್ನು ಕಾಡಿದವು. ದೇವರ ಮುಂದೆ ತಪ್ಪುಕಾಣಿಕೆ ಇಡುವವರು ಇಟ್ಟು ಮರೆಯುತ್ತಾರೆ. ನನಗೆ ಇಡುವ ಹುಂಡಿಯೂ ಇರಲಿಲ್ಲ. ತೆಳ್ಳಗಿರುವವರಿಗೂ ಈ ತೊಂದರೆ ಬರುತ್ತದೆ, ಒಂದೇ ಮನೆತನದಲ್ಲಿ ತಾಯಿ ಮಕ್ಕಳಿಗೆ ಬರುತ್ತದೆ ಎಂಬ ಸಂಗತಿಯನ್ನು ಓದಿ ತಿಳಿದಿದ್ದರೂ ಮನಸ್ಸು ಒಪ್ಪಲು ಬಹಳ ದಿನ ಹಿಡಿಯಿತು.

ಇಲ್ಲಿ ನಾವು ಎರಡು ಮಾತುಗಳನ್ನು ಬೆರೆಸಿಬಿಟ್ಟಿದ್ದೇವೆಂದು ನನಗೆ ತೋರುತ್ತದೆ: ತಪ್ಪು ಮತ್ತು ಹೊಣೆ. ತಪ್ಪಿಗೆ ಒಬ್ಬ ತಪ್ಪಿತಸ್ಥ ಬೇಕು. ಅದು ಹಿಂದೆ ನಡೆದದ್ದನ್ನು ಕೆದಕುತ್ತದೆ. ಹೊಣೆಗೆ ಮುಂದಿನ ಕೆಲಸ ಸಾಕು. ಅದನ್ನು ಇಬ್ಬರು ಹೊರಬಹುದು, ಮೂವರು ಹೊರಬಹುದು. ಮಳೆ ಬಾರದ್ದು ರೈತನ ತಪ್ಪಲ್ಲ. ಬದುವನ್ನು ಸರಿಪಡಿಸಿ ಇಟ್ಟುಕೊಳ್ಳುವುದು ಅವನ ಹೊಣೆ. ತಪ್ಪಿಲ್ಲವೆಂದ ಮಾತ್ರಕ್ಕೆ ಕೈಕಟ್ಟಿ ಕೂರಬಹುದೆ ಎಂದು ಯಾರಾದರೂ ಕೇಳಿಯಾರು. ನನ್ನ ಅನುಭವ ಬೇರೆ. ತಪ್ಪಿನ ಭಾರ ಹೊತ್ತಿದ್ದಾಗ ನಾನು ನಾಲ್ಕು ದಿನ ಉಪವಾಸವಿದ್ದು ಐದನೆಯ ದಿನ ಅಳುತ್ತ ಉಣ್ಣುತ್ತಿದ್ದೆ. ಈಗ ಸಂಜೆ ಕೆರೆ ಏರಿಯ ಮೇಲೆ ನಡೆದುಬರುತ್ತೇನೆ, ನಮ್ಮವರೂ ಬರುತ್ತಾರೆ. ಈ ರೋಗಕ್ಕೆ ಮುಂದೆ ಸಕ್ಕರೆ ಕಾಯಿಲೆಯ ನಂಟಿರುವುದರಿಂದ, ಮಗುವಾದರೂ ಆಗದಿದ್ದರೂ ಈ ದೇಹವನ್ನು ನೋಡಿಕೊಳ್ಳುವ ಹೊಣೆ ಇದ್ದೇ ಇದೆ. ಮಗು ಹುಟ್ಟದಾಗ ಮಾತ್ರ ಹೆಂಗಸಿನ ದೇಹ ಕಣ್ಣಿಗೆ ಬೀಳುವ ಮನೆಗಳಲ್ಲಿ, ಹದಿನಾರು ವರ್ಷದ ಹುಡುಗಿಯ ಮುಟ್ಟು ತಪ್ಪಿದಾಗಲೇ ಡಾಕ್ಟರ ಬಳಿಗೆ ಕರೆದೊಯ್ಯುವುದು ಇಡೀ ಮನೆಯ ಹೊಣೆ. ಇದನ್ನು ನನ್ನ ಮನೆಯವರನ್ನು ದೂರಲೆಂದು ಬರೆಯುತ್ತಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ.

ಮುಳಬಾಗಿಲು ತಾಲ್ಲೂಕಿನ ಆವನಿಗೆ ನಮ್ಮ ಸೀಮೆಯ ಮಕ್ಕಳಿಲ್ಲದವರು ಹರಕೆ ಹೊತ್ತು ಹೋಗುತ್ತಾರೆ. ಊರಿನಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಸಮೂಹವಿದೆ. ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ವಾಲ್ಮೀಕಿಯ ಆಶ್ರಮ ಅಲ್ಲಿತ್ತೆಂದೂ ಲವಕುಶರು ಅಲ್ಲೇ ಹುಟ್ಟಿದರೆಂದೂ ಜನರ ನಂಬಿಕೆ. ಅತ್ತೆಯವರು ಬಹಳ ದಿನದಿಂದ ಕರೆಯುತ್ತಿದ್ದರು. ಈ ಸಲ ಹೊರಟೆ. ಮಂಡಿನೋವಿನ ಅವರು ಬಂಡೆ ಬಂಡೆಗೂ ಕುಳಿತು ಎದ್ದು ಹತ್ತಿದರು. ಗುಡಿಯ ಮುಂದೆ ನಿಂತಾಗ ನನಗೆ ಒಂದು ವಿಷಯ ಹೊಳೆಯಿತು. ಸೀತೆಗೆ ಮಕ್ಕಳಾದವು, ಒಂದಲ್ಲ, ಎರಡು. ಅದರಿಂದ ಅವಳ ಮೇಲಿನ ಅಪವಾದ ಹೋಯಿತೆ? ಗರ್ಭಿಣಿಯಾಗಿದ್ದಾಗಲೇ ಅವಳನ್ನು ಕಾಡಿಗೆ ಕಳಿಸಿದರು. ಮಕ್ಕಳನ್ನು ಬೆಳೆಸಿ ಒಪ್ಪಿಸಿದ ಮೇಲೂ ಅವಳ ಶುದ್ಧಿಗೆ ಸಾಕ್ಷಿ ಕೇಳಿದರು. ಹೆಣ್ಣಿನಲ್ಲಿ ತಪ್ಪು ಹುಡುಕಬೇಕೆಂದು ಹೊರಟವರಿಗೆ ಮಗು ಹುಟ್ಟುವುದು ಉತ್ತರವೇ ಅಲ್ಲ. ಆದ್ದರಿಂದ ನಾನು ಅಲ್ಲಿ ಮಗುವನ್ನು ಬೇಡಿದೆ. ಅಪವಾದದಿಂದ ಬಿಡುಗಡೆಯನ್ನು ಬೇಡಲಿಲ್ಲ. ಇವೆರಡೂ ಬೇರೆ ಬೇರೆ ಬೇಡಿಕೆಗಳೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು, "ಮಕ್ಕಳೆಷ್ಟಮ್ಮ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನನಗೆ ಒಬ್ಬ ಮಗ. ಇವಳು ಸೊಸೆ. ನಿಮ್ಮ ಕಡೆ ಮಳೆ ಹೆಂಗೆ?" ಎಂದು ಮಾತನ್ನು ತಿರುಗಿಸಿದರು. ಅವರು ಸುಳ್ಳು ಹೇಳಲಿಲ್ಲ, ಯಾರನ್ನೂ ನೋಯಿಸಲಿಲ್ಲ. ಹೊಣೆಯಲ್ಲಿ ತಮ್ಮ ಪಾಲನ್ನು ತೆಗೆದುಕೊಂಡರು.

ಮಕ್ಕಳಿಲ್ಲದವರಿಗೆ ಸಮಾಧಾನ ಹೇಳುವವರು ಸಾಲುಮರದ ತಿಮ್ಮಕ್ಕನವರನ್ನು ನೆನೆಯುತ್ತಾರೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲು ಕುದೂರುಗಳ ನಡುವೆ ಗಂಡನೊಡನೆ ಆಲದ ಸಸಿ ನೆಟ್ಟು, ನೀರು ಹೊತ್ತು ಹಾಕಿ ಬೆಳೆಸಿದ ಆ ತಾಯಿಗೆ 2019ರಲ್ಲಿ ಪದ್ಮಶ್ರೀ ಬಂದಿತು. 2025ರಲ್ಲಿ ಅವರು ತೀರಿಕೊಂಡರು. ಅವರಿಗೆ ನಾನೂ ಕೈಮುಗಿಯುತ್ತೇನೆ. ಆದರೆ ಆ ಮರಗಳನ್ನು ಮಕ್ಕಳಿಲ್ಲದ್ದಕ್ಕೆ ಕಟ್ಟಿದ ದಂಡವೆಂಬಂತೆ ಹೇಳಿದಾಗ ನನಗೆ ಮುಜುಗರವಾಗುತ್ತದೆ. ಹೆತ್ತವಳು ಸುಮ್ಮನೆ ಬಾಳಬಹುದು, ಹೆರದವಳು ಊರಿಗೆ ನೆರಳು ಕೊಟ್ಟು ತನ್ನ ಬಾಳನ್ನು ಸಮರ್ಥಿಸಿಕೊಳ್ಳಬೇಕು ಎಂಬ ಮಾತು ಅದರ ಹಿಂದೆ ಅಡಗಿದೆ. ಮರ ನೆಡುವುದು ಒಳ್ಳೆಯದು, ಅದು ಒಳ್ಳೆಯದಾದ್ದರಿಂದ.

ನನ್ನ ಕಥೆಗೆ ಇನ್ನೂ ಮುಕ್ತಾಯವಿಲ್ಲ. ಮಾತ್ರೆಯ ಮೂರನೆಯ ಸುತ್ತು ನಡೆದಿದೆ. ಮೊನ್ನೆ ಡೈರಿಯ ಮುಂದೆ ಅದೇ ಅಜ್ಜಿ ಸಿಕ್ಕಿ ಅದೇ ಪ್ರಶ್ನೆಯನ್ನು ಕೇಳಿದರು. ಹಿಂದಿನಂತೆ ತಲೆ ತಗ್ಗಿಸದೆ, "ಗೊತ್ತಿಲ್ಲ ಅಜ್ಜಿ" ಎಂದೆ. "ಗೊತ್ತಿಲ್ಲ ಅಂದ್ರೇನೇ?" ಎಂದು ಅವರು ನಕ್ಕರು. "ನಿಜವಾಗಿ ಗೊತ್ತಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ನನ್ನ ಕ್ಯಾನನ್ನು ತಾವೇ ಎತ್ತಿ, ಅಳೆಯುವ ಕಟ್ಟೆಯ ಮೇಲಿಟ್ಟರು.