ಮಣ್ಣು ಮುಟ್ಟಬೇಡ

ನಮ್ಮ ವಿಭಾಗದಲ್ಲಿ ನನಗಿಂತ ಮೊದಲು ಪಿಎಚ್.ಡಿ. ಮುಗಿಸಿದ ಅಕ್ಕನೊಬ್ಬರು ತಮ್ಮ ಇಬ್ಬರು ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿದ್ದಾರೆ. ಬೆಂಗಳೂರಿನಲ್ಲಿ ಅವರಂತೆ ಹೋಮ್‌ಸ್ಕೂಲಿಂಗ್ ಮಾಡುವ ನಾಲ್ಕು ಮನೆಯವರು ಶನಿವಾರ ಒಂದೆಡೆ ಸೇರಿ ಮಕ್ಕಳ ಕೈಗೆ ಏನಾದರೊಂದು ಕೆಲಸ ಕೊಡುತ್ತಾರೆ. ಒಂದು ವಾರ ರೊಟ್ಟಿ ತಟ್ಟುವುದು, ಇನ್ನೊಂದು ವಾರ ಕೋಲಿನ ನೆರಳು ಅಳೆದು ಹೊತ್ತು ಹೇಳುವುದು. ಕಳೆದ ಬೇಸಿಗೆಯಲ್ಲಿ ಆ ಅಕ್ಕ ಫೋನ್ ಮಾಡಿ, "ಮಕ್ಕಳ ಕೈಲಿ ಮಡಕೆ ಮಾಡಿಸೋಣ ಅಂತಿದೀವಿ ಕಣೋ. ನೀನು ಬಾ, ನಿಮ್ಮನೆ ಕೆಲಸಾನೇ ಅಲ್ವಾ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ತೊಂದರೆ ಏನೆಂದರೆ, ನನಗೆ ಮಡಕೆ ಮಾಡಲು ಬರುವುದಿಲ್ಲ.

ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ತಿಗರಿ ತಿರುಗಿಸಿದವರಲ್ಲಿ ಅಪ್ಪನೇ ಕೊನೆಯವ. ನಾನು ಸಣ್ಣವನಿದ್ದಾಗ ಹಿತ್ತಿಲಲ್ಲಿ ಇನ್ನೂ ಆವಿಗೆ ಹೊಗೆಯಾಡುತ್ತಿತ್ತು. ಅಮ್ಮ ಕೆರೆಮಣ್ಣು ತುಳಿಯುತ್ತಿದ್ದಳು. ಒಂದು ಹರಳು ಕಾಲಿಗೆ ಸಿಕ್ಕಿದರೂ ನಿಂತು ಹೆಕ್ಕಿ ಎಸೆಯುತ್ತಿದ್ದಳು. ನಾನು ಹತ್ತಿರ ಸುಳಿದರೆ ಸಾಕು, ಅಪ್ಪ ಗದರುತ್ತಿದ್ದ: "ಮಣ್ ಮುಟ್ಬೇಡ, ಹೋಗ್ ಓದ್ಕೊ." ಒಂದು ಸಲ ಕದ್ದು ಮಾಡಿದ ಎತ್ತಿನ ಗೊಂಬೆಯನ್ನು ಅವನೇ ನೀರಿನ ತೊಟ್ಟಿಗೆ ಹಾಕಿ ಕರಗಿಸಿದ. ಆ ಸಿಟ್ಟು ನನಗೆ ಬಹಳ ದಿನ ಇತ್ತು.

ಅಕ್ಕನಿಗೆ ಆಗಲಿ ಎಂದೆ, ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ. ಅವನು ಮೊದಲು ನಕ್ಕ. ಆಮೇಲೆ ಒಂದೂವರೆ ಚೀಲ ಮಣ್ಣು ಬಸ್ಸಿಗೆ ಹಾಕಿ ಕಳಿಸಿದ. ಫೋನಿನಲ್ಲಿ ಅವನು ಹೇಳಿದ್ದು, ಇಲ್ಲಿ ನಾನು ಮಕ್ಕಳಿಗೆ ಹೇಳಿದ್ದು. ಮಣ್ಣನ್ನು ಮೂರು ಪಾಲು ಮಾಡಿದೆವು: ಒಂದು ಬರೀ ಮಣ್ಣು, ಒಂದಕ್ಕೆ ಸಣ್ಣ ಮರಳು, ಇನ್ನೊಂದಕ್ಕೆ ಬೂದಿ. ಪ್ರತಿಯೊಂದರಿಂದಲೂ ಒಂದು ಪಟ್ಟಿ ತಟ್ಟಿ ಅದರ ಮೇಲೆ 10 ಸೆಂ.ಮೀ. ಗೆರೆ ಎಳೆದೆವು. ವಾರ ಬಿಟ್ಟು ಅಳೆದರೆ ಬರೀ ಮಣ್ಣಿನ ಗೆರೆ ಎಲ್ಲಕ್ಕಿಂತ ಹೆಚ್ಚು ಕುಗ್ಗಿತ್ತು, ಪಟ್ಟಿ ಸೊಟ್ಟಗಾಗಿತ್ತು. ಹತ್ತು ವರ್ಷದ ಹುಡುಗಿ, "ನೀರು ಎದ್ದು ಹೋದ ಜಾಗ ಮುಚ್ಕೊಂಡಿದೆ" ಎಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಹೆಬ್ಬೆರಳಿನಿಂದ ಒತ್ತಿ ಒತ್ತಿ ಮಾಡಿದ ಬಟ್ಟಲುಗಳನ್ನು ನೆರಳಲ್ಲಿ ಒಣಗಿಸಿ, ಖಾಲಿ ಸೈಟಿನಲ್ಲಿ ಗುಂಡಿ ತೋಡಿ ಬೆರಣಿಯಲ್ಲಿ ಸುಟ್ಟೆವು. ಇಪ್ಪತ್ತರಲ್ಲಿ ಏಳು ಉಳಿದವು. ಒಳಗೆ ಪಸೆ ಉಳಿದದ್ದು ಹಬೆಯಾಗಿ, ಹೊರಬರಲು ದಾರಿಯಿಲ್ಲದೆ ಪಟಾಕಿಯಂತೆ ಸಿಡಿದವು. ಮಕ್ಕಳು ಕುಣಿದರು. ಆ ಹುಡುಗಿ ಮಾತ್ರ ತನ್ನ ಬಟ್ಟಲು ಹೋಯಿತೆಂದು ಅತ್ತಳು.

ಅಲ್ಲಿಂದ ಬರುವಾಗ ಬಸ್ಸಿನಲ್ಲಿ ನನಗೆ ಕಾಡಿದ್ದು ಇದು: ನನಗೆ ಬೇಡವೆಂದು ಅಪ್ಪ ಕಿತ್ತುಕೊಂಡದ್ದನ್ನೇ ಈ ಮಕ್ಕಳಿಗೆ ವಿದ್ಯೆ ಎಂದು ಕೊಡುತ್ತಿದ್ದೇವಲ್ಲ, ಇಬ್ಬರಲ್ಲಿ ತಪ್ಪಿದ್ದು ಯಾರು?

ಕೈಕೆಲಸದಿಂದ ಕಲಿಸಬೇಕು ಎಂಬ ಮಾತು ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್‌ನ ಬುನಾದಿಯೇ ಅದು: ನೂಲುವಂಥ ಒಂದು ಕಸುಬಿನ ಮೂಲಕವೇ ಗಣಿತ, ಭೂಗೋಳ ಎಲ್ಲವೂ ಬರಲಿ. ಮಕ್ಕಳು ಮಾಡಿದ್ದನ್ನು ಮಾರಿ ಶಾಲೆಯ ಖರ್ಚು ಹುಟ್ಟಲಿ ಎಂಬ ಆಸೆಯೂ ಅವರಿಗಿತ್ತು. ಅಲ್ಲೇ ನನಗೆ ಮುಳ್ಳು ಚುಚ್ಚುವುದು. ಮಾರಾಟ ಬಂದ ಕೂಡಲೇ ಒಡೆದ ಬಟ್ಟಲಿಗೆ ಲೆಕ್ಕ ಬರುತ್ತದೆ.

1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಳ್ಳಿಯ ಮಕ್ಕಳು ಶಾಲೆಯಲ್ಲಿ ಕೂರಬೇಕಾದದ್ದು ದಿನಕ್ಕೆ ಮೂರು ಗಂಟೆ ಮಾತ್ರ, ಮಿಕ್ಕ ಹೊತ್ತು ಮನೆಯಲ್ಲಿ ಅಪ್ಪನ ಕಸುಬು ಕಲಿಯಲಿ. ಓದಲು ಎಷ್ಟು ಚೆಂದ! ಮನೆಯೇ ಪಾಠಶಾಲೆ, ಅಪ್ಪನೇ ಗುರು. ಆದರೆ ಪೆರಿಯಾರ್ ಮತ್ತು ಅವರ ಜೊತೆಯವರು ಇದನ್ನು 'ಕುಲಕಲ್ವಿ', ಅಂದರೆ ಕುಲದ ವಿದ್ಯೆ ಎಂದು ಕರೆದು ಬೀದಿಗಿಳಿದರು. ಮರುವರ್ಷ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜರು ಬಂದು ಯೋಜನೆಯನ್ನು ಕೈಬಿಟ್ಟರು. ಆಗ ನಮ್ಮ ದಕ್ಷಿಣ ಕನ್ನಡವೂ ಮದ್ರಾಸ್ ರಾಜ್ಯದಲ್ಲೇ ಇತ್ತು ಎಂಬುದನ್ನು ನಾವು ಮರೆತಿರುತ್ತೇವೆ. ಮನೆಯಲ್ಲಿ ಕಲಿಯಿರಿ ಎನ್ನುವಾಗ ಯಾರ ಮನೆ ಎಂದು ಕೇಳಲೇಬೇಕಾಗುತ್ತದೆ. ವಕೀಲನ ಮಗನಿಗೆ ಮನೆ ಒಂದು ಬಾಗಿಲಾದರೆ ಕುಂಬಾರನ ಮಗನಿಗೆ ಅದು ಗೋಡೆಯೂ ಆಗಬಹುದು.

ಹಾಗೆಂದು ಶನಿವಾರದ ಆ ಆಟವನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಮೊದಮೊದಲು, ಬೇಡವೆನಿಸಿದಾಗ ಎದ್ದು ಹೋಗಬಹುದಾದದ್ದು ಆಟ, ಹೋಗಲಾಗದ್ದು ಕೆಲಸ ಎಂದು ಸುಲಭವಾಗಿ ಗೆರೆ ಎಳೆದಿದ್ದೆ. ಆದರೆ ಆ ಹುಡುಗಿ ಎದ್ದು ಹೋಗಲಿಲ್ಲವಲ್ಲ. ಅವಳ ಅಳು ಸುಳ್ಳಾಗಿರಲಿಲ್ಲ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆ ಅವಳಿಗೆ ಅವತ್ತು ನನಗಿಂತ ಚೆನ್ನಾಗಿ ತಿಳಿದಿರಬೇಕು. ವ್ಯತ್ಯಾಸ ಇರುವುದು ನಷ್ಟ ಯಾರ ತಟ್ಟೆಗೆ ಬೀಳುತ್ತದೆ ಎಂಬಲ್ಲಿ. ಹದಿಮೂರು ಬಟ್ಟಲು ಸಿಡಿದ ಆ ಸಂಜೆ ಎಲ್ಲರೂ ಪಿಜ್ಜಾ ತಿಂದೆವು. ಆವಿಗೆ ಕೈಕೊಟ್ಟ ರಾತ್ರಿ ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಮಾತಾಡುತ್ತಿರಲಿಲ್ಲ.

ಅಪ್ಪ ನನಗೆ ಕಲಿಸಲಿಲ್ಲ ಎಂದು ಹೇಳುತ್ತಿದ್ದೆ. ಈಗ ಅದೂ ಪೂರ್ತಿ ಸರಿ ಅನ್ನಿಸುತ್ತಿಲ್ಲ. ಮನೆಯಲ್ಲಿ ಏನು ಕಲಿಸಬಾರದು ಎಂದು ನಿರ್ಧರಿಸುವುದೂ ಪಾಲಕರ ಕೆಲಸವೇ. ಅವನು ಅದನ್ನು ಕಟ್ಟುನಿಟ್ಟಾಗಿ ಮಾಡಿದ. ಅದರಿಂದ ನನಗೆ ಫೆಲೋಶಿಪ್ ಬಂತು, ಪುಸ್ತಕ ಬಂತು. ಹೋದದ್ದು ಕೈ. ಮಣ್ಣು ಹದಕ್ಕೆ ಬಂದಿತೋ ಇಲ್ಲವೋ ಎಂದು ಹೆಬ್ಬೆರಳಿಗೆ ಗೊತ್ತಾಗುವುದು, ಅದು ನನ್ನ ಹೆಬ್ಬೆರಳಿಗೆ ಗೊತ್ತಾಗುವುದಿಲ್ಲ. ಈ ಲೇವಾದೇವಿಯಲ್ಲಿ ಲಾಭವಾಯಿತೇ ಎಂದರೆ ಆಯಿತು ಎನ್ನುತ್ತೇನೆ. ಆದರೆ ಎರಡರಲ್ಲಿ ಒಂದನ್ನೇ ಆರಿಸು ಎಂಬ ಷರತ್ತು ಅಪ್ಪ ಹಾಕಿದ್ದಲ್ಲ. ಆ ಹುಡುಗಿಗೆ ಅಂಥ ಷರತ್ತೇ ಇಲ್ಲ: ಅವಳಿಗೆ ಮಣ್ಣೂ ಸಿಕ್ಕಿತು, ಪುಸ್ತಕವೂ ಸಿಗುತ್ತದೆ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು.

ಉಳಿದ ಏಳು ಬಟ್ಟಲುಗಳ ಫೋಟೋ ಅಪ್ಪನಿಗೆ ಕಳಿಸಿದ್ದೆ. ಅವನು ಫೋನ್ ಮಾಡಿ, "ಎಡಗಡೆಯಿಂದ ಮೂರನೇದು ಯಾರ್ ಮಾಡಿದ್ದು? ಅಂಚು ಒಂದೇ ಸಮ ಐತೆ" ಎಂದ. ಏಳು ವರ್ಷದ ಹುಡುಗ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿತ್ತಿಲ ಗೋಡೆಗೆ ಒರಗಿಸಿಟ್ಟ ತಿಗರಿಯನ್ನು ದೀಪಾವಳಿಗೆ ಬಂದಾಗ ಇಳಿಸೋಣವೇ, ನನಗೂ ತೋರಿಸುತ್ತೀಯಾ ಎಂದು ಕೇಳಿದೆ.

"ಮೊದ್ಲು ಆ ಥೀಸಿಸ್ ಮುಗ್ಸಪ್ಪ" ಎಂದು ಫೋನ್ ಇಟ್ಟ.