ಸಬ್ರ್ ಎಂದರೆ ಸುಮ್ಮನಿರುವುದಲ್ಲ



ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ತೂಕಡಿಸುವವನನ್ನು ಜನ ಸೋಮಾರಿ ಎನ್ನುತ್ತಾರೆ. ಆದರೆ ನಡುರಾತ್ರಿ ಅವನ ಗೊರಕೆ ಹಠಾತ್ತನೆ ನಿಂತು ಉಸಿರು ಕಟ್ಟಿದಾಗ, ಗಾಬರಿಯಿಂದ ಎದ್ದು ಅಲುಗಿಸುವ ಪತ್ನಿಗೆ ನಿಜ ಗೊತ್ತು. ಇದು ಸ್ಲೀಪ್ ಆಪ್ನಿಯ ಎಂಬ ರೋಗ. ನಿದ್ರೆಯಲ್ಲಿ ಗಂಟಲಿನ ದಾರಿ ಮುಚ್ಚಿ 10 ಸೆಕೆಂಡಿಗೂ ಹೆಚ್ಚು ಕಾಲ ಉಸಿರು ನಿಲ್ಲುತ್ತದೆ, ಮತ್ತೆ ಮತ್ತೆ ನಿಲ್ಲುತ್ತದೆ. ಹಗಲಿನ ತೂಕಡಿಕೆಯು ಯಂತ್ರದ ಬಳಿ ಕೈಯನ್ನೂ ರಸ್ತೆಯಲ್ಲಿ ಪ್ರಾಣವನ್ನೂ ಕಸಿಯಬಹುದು.

ನಿದ್ರೆಯ ಪರೀಕ್ಷೆಯ ನಂತರ ಕೆಲವರಿಗೆ ದಂತವೈದ್ಯರು ಹಲ್ಲಿನ ಅಳತೆಗೆ ಮಾಡಿದ ಸಾಧನವನ್ನು ಕೊಡುತ್ತಾರೆ. ಅದು ಕೆಳದವಡೆಯನ್ನು ಮುಂದಕ್ಕೆ ಹಿಡಿದು ಉಸಿರಿನ ದಾರಿಯನ್ನು ತೆರೆದಿಡುತ್ತದೆ. ಆರಂಭದಲ್ಲಿ ಜೊಲ್ಲು ಸುರಿಯುತ್ತದೆ, ದವಡೆ ನೋಯುತ್ತದೆ. ನಾಲ್ಕು ದಿನ ಧರಿಸಿ, ಅದನ್ನು ಡಬ್ಬಿಯಲ್ಲಿಟ್ಟು, ‘ಅಲ್ಲಾಹನ ವಿಧಿ, ಸಹಿಸುತ್ತೇನೆ’ ಎನ್ನುವುದು ಸಬ್ರ್ ಅಲ್ಲ. ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದೂ ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದೂ ಪ್ರವಾದಿ(ಸ)ರು ಕಲಿಸಿದ್ದಾರೆ. ಧರಿಸಿದ ರಾತ್ರಿ ಮಾತ್ರ ಈ ಸಾಧನ ಫಲ ಕೊಡುತ್ತದೆ. ಆದ್ದರಿಂದ ಪ್ರತಿ ರಾತ್ರಿಯೂ ಧರಿಸುವುದೇ ಇಲ್ಲಿ ಸಬ್ರ್. ನೋವು ಹೆಚ್ಚಾದರೆ ಬಿಡಬೇಡಿರಿ, ವೈದ್ಯರ ಬಳಿ ಹೋಗಿ ಸರಿಪಡಿಸಿಕೊಳ್ಳಿರಿ.

ಮಲಗುವ ಮುನ್ನ ವುಝೂ ಮಾಡಿ, ದುಆ ಓದಿ, ಅದನ್ನು ಧರಿಸಿರಿ. ಫಜ್ರ್‌ಗೆ ಎದ್ದು ತೊಳೆದಿಡಿರಿ. ನಿಮ್ಮ ಉಸಿರನ್ನು ಎಣಿಸುತ್ತಾ ಎಚ್ಚರವಿರುವ ಮನೆಯಾಕೆಗೂ ನಿದ್ರೆಯ ಹಕ್ಕಿದೆ. ಅಲ್ಲಾಹನು ನಮಗೆಲ್ಲರಿಗೂ ಶಿಫಾ ಮತ್ತು ಸಹನೆಯನ್ನು ದಯಪಾಲಿಸಲಿ. ಆಮೀನ್.