ಅಪರಾಧ ಕಥೆಯೂ ನೋಡುಗನ ಪ್ರಮೋದವೂ

ಕೊಲೆ, ಕಳವು, ವಂಚನೆಗಳ ಕಥೆಯನ್ನು ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಉಲ್ಲಾಸದಿಂದ ನೋಡುವ ಗೃಹಸ್ಥನಿಗೆ ಅದರಿಂದ ದೋಷವುಂಟೆ? ಆತನು ಯಾರನ್ನೂ ಹೊಡೆದವನಲ್ಲ, ಹೊಡೆಯಿರೆಂದು ಹೇಳಿದವನೂ ಅಲ್ಲ. ತೆರೆಯ ಮೇಲೆ ಹರಿಯುವುದು ನೆತ್ತರಲ್ಲ, ಬಣ್ಣದ ನೀರು. ಆದರೂ ಈ ಪ್ರಶ್ನೆ ಹುಬ್ಬಳ್ಳಿ-ಧಾರವಾಡದ ಶ್ರಾವಕ ಕುಟುಂಬಗಳಲ್ಲಿ ಆಗಾಗ ಏಳುತ್ತಲೇ ಇದೆ. ಏಳಬೇಕಾದದ್ದೂ ಸಹಜವೇ ಆಗಿದೆ.

ಪತ್ತೇದಾರಿ ಕಥೆಯ ರುಚಿ ಈ ಅವಳಿನಗರಕ್ಕೆ ಹೊಸದಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದ ಒಂದು ತಲೆಮಾರು ಇಲ್ಲಿದೆ. ಬಾಸು ಚಟರ್ಜಿಯವರು ಶರದಿಂದು ಬಂದ್ಯೋಪಾಧ್ಯಾಯರ ಕಥೆಗಳನ್ನಾಧರಿಸಿ ನಿರ್ಮಿಸಿದ ‘ಬ್ಯೋಮಕೇಶ ಬಕ್ಷಿ’ ೧೯೯೩ರಲ್ಲಿ ದೂರದರ್ಶನದಲ್ಲಿ ಬಂದಾಗ ಮನೆಮಂದಿಯೆಲ್ಲ ಒಟ್ಟಾಗಿ ನೋಡಿದರು. ಅಲ್ಲಿ ಕಥೆ ಸತ್ಯಾನ್ವೇಷಣೆಯದು; ಅಪರಾಧವು ಬಯಲಾಗುವುದರೊಡನೆ ಮುಗಿಯುವಂಥದು. ನೋಡುಗನ ಮನಸ್ಸು ಕೊಲೆಗಾರನ ಬೆನ್ನಿಗಲ್ಲ, ಅವನನ್ನು ಹುಡುಕುವವನ ಬೆನ್ನಿಗೆ ನಿಲ್ಲುತ್ತಿತ್ತು. ಆದ್ದರಿಂದ ಯಾರಿಗೂ ಅದು ಧರ್ಮಸಂಕಟವೆನಿಸಲಿಲ್ಲ.

ಬಿಬಿಸಿ ೨೦೧೩ರ ಸೆಪ್ಟೆಂಬರಿನಿಂದ ೨೦೨೨ರ ಏಪ್ರಿಲ್‌ವರೆಗೆ ಆರು ಸರಣಿಗಳಲ್ಲಿ, ಒಟ್ಟು ೩೬ ಕಂತುಗಳಾಗಿ ಪ್ರಸಾರ ಮಾಡಿದ ‘ಪೀಕಿ ಬ್ಲೈಂಡರ್ಸ್’ ಎಂಬ ಧಾರಾವಾಹಿಯ ವಿಷಯ ಹಾಗಲ್ಲ. ಸ್ಟೀವನ್ ನೈಟ್ ರಚಿಸಿದ ಈ ಕಥೆ ಆರಂಭವಾಗುವುದು ೧೯೧೯ರ ಬರ್ಮಿಂಗ್‌ಹ್ಯಾಮಿನಲ್ಲಿ. ಫ್ರಾನ್ಸಿನ ರಣರಂಗದಲ್ಲಿ ನೆಲದಡಿಯ ಸುರಂಗ ತೋಡಿ ಬದುಕುಳಿದು ಬಂದ ಟಾಮಿ ಶೆಲ್ಬಿ ತನ್ನ ಅಣ್ಣತಮ್ಮಂದಿರೊಡನೆ ಕುದುರೆ ಜೂಜಿನ ದಂಧೆ ನಡೆಸುತ್ತಾನೆ. ಹೆದರಿಸುತ್ತಾನೆ, ಸುಲಿಯುತ್ತಾನೆ, ಕೊಲ್ಲುತ್ತಾನೆ. ಕೊನೆಗೆ ಪಾರ್ಲಿಮೆಂಟಿನ ಸದಸ್ಯನೂ ಆಗುತ್ತಾನೆ. ಇಲ್ಲಿ ಪತ್ತೇದಾರನು ನಾಯಕನಲ್ಲ, ಅಪರಾಧಿಯೇ ನಾಯಕ. ಅವನ ಟೋಪಿ, ಅವನ ಕೋಟು, ಅವನ ಕ್ಷೌರದ ಬಗೆ ಕೂಡ ದೇಶದೇಶಗಳ ತರುಣರಿಗೆ ಅನುಕರಣೀಯವೆನಿಸಿದುವು.

ಇದನ್ನು ನೋಡಿದವರ ಅಭಿಪ್ರಾಯಗಳು ಹಲವು ಬಗೆ. ಕಲೆಯನ್ನು ಕಲೆಯಾಗಿಯೇ ನೋಡಬೇಕೆಂಬುದು ಒಂದು. ಛಾಯಾಗ್ರಹಣ, ಹೊಗೆ ತುಂಬಿದ ಕಾರ್ಖಾನೆಯ ಬೀದಿಗಳು, ಕಿಲಿಯನ್ ಮರ್ಫಿಯ ಅಭಿನಯ ಇವುಗಳನ್ನು ಅವರು ಮೆಚ್ಚುತ್ತಾರೆ. ಅಭಿನಯದಲ್ಲಿ ಯಾವ ಜೀವಕ್ಕೂ ಘಾತವಿಲ್ಲವೆನ್ನುತ್ತಾರೆ. ಯುದ್ಧವು ಮನುಷ್ಯನನ್ನು ಏನು ಮಾಡುತ್ತದೆಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಕೃತಿ ವಿರಳವೆಂದು ಇನ್ನು ಕೆಲವರು. ಹಿರಿಯರಾದವರಿಗೆ ಮೊದಲ ಕಂತಿನ ಸಾರಾಯಿ, ಸಿಗರೇಟು, ಹೊಡೆದಾಟಗಳೇ ಸಾಕು. ಇದು ದುಃಶ್ರುತಿ, ನೋಡತಕ್ಕದ್ದಲ್ಲ ಎಂದು ಅವರು ಎದ್ದುಹೋಗುತ್ತಾರೆ. ಇವೆಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಮಾತು ಬೇರೊಂದು: ‘ಅವನು ಮಾಡುವುದು ತಪ್ಪೇ ಇರಬಹುದು, ಆದರೆ ಮಾಡುವುದೆಲ್ಲ ತನ್ನ ಮನೆಯವರಿಗಾಗಿ.’

‘ಬರಿಯ ಅಭಿನಯ’ ಎಂಬ ವಾದವನ್ನು ಕನ್ನಡ ಜೈನ ಸಾಹಿತ್ಯವು ಎಂದೋ ಎದುರಿಸಿದೆ. ೧೨೦೯ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಹಿಟ್ಟಿಗೆ ಬಿದ್ದ ಕತ್ತಿ ತಾಯಿಮಕ್ಕಳಿಬ್ಬರನ್ನೂ ಎಷ್ಟೆಷ್ಟು ಜನ್ಮಗಳಿಗೆ ಎಳೆಯಿತೆಂಬುದು ವಾಚಕರಿಗೆ ತಿಳಿದದ್ದೇ. ರಾಗಾದಿ ಭಾವಗಳ ಹುಟ್ಟೇ ಹಿಂಸೆಯೆಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಹೇಳಿದ್ದಾರೆ, ಹಿಂಸೆಯನ್ನು ಮಾಡದೆಯೇ ಅದರ ಫಲಕ್ಕೆ ಭಾಗಿಯಾಗುವವನುಂಟು, ಮಾಡುವವನು ಒಬ್ಬನಾದರೂ ಫಲವುಣ್ಣುವವರು ಹಲವರಿರಬಹುದು ಎಂದೂ ವಿವೇಚಿಸಿದ್ದಾರೆ. ಆದರೆ ಹಿಟ್ಟಿನ ಕೋಳಿಯ ದೃಷ್ಟಾಂತವನ್ನು ನೋಡುಗನ ಮೇಲೆ ಪೂರ್ತಿಯಾಗಿ ಹೊರಿಸುವುದು ನ್ಯಾಯವಲ್ಲ. ಯಶೋಧರನು ಸಂಕಲ್ಪಿಸಿ ಕತ್ತಿ ಎತ್ತಿದವನು. ನೋಡುಗನದು ಬಲಿಯ ಸಂಕಲ್ಪವಲ್ಲ, ಕುತೂಹಲ ಮಾತ್ರ. ಎಲ್ಲಿಯವರೆಗೆ ಕುತೂಹಲ, ಎಲ್ಲಿಂದ ಅನುಮೋದನೆ ಎಂಬುದೇ ಇಲ್ಲಿ ವಿಚಾರಣೀಯ.

ಹಿರಿಯರು ಹೇಳುವ ದುಃಶ್ರುತಿಯ ಮಾತೂ ಹಗುರವಾದದ್ದಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಇದನ್ನು ಎಣಿಸಿ, ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳ ಶ್ರವಣವೆಂದು ವಿವರಿಸುವಾಗ ರಾಗ, ದ್ವೇಷ, ಮದಗಳ ಜೊತೆಗೆ ‘ಸಾಹಸ’ವನ್ನೂ ಸೇರಿಸಿದ್ದಾರೆ. ಇಂದು ಅದೇ ಶಬ್ದ ಹೊಗಳಿಕೆಗೆ ಸಲ್ಲುತ್ತಿರುವುದು ಗಮನಾರ್ಹ. ಆದರೆ ಅಪರಾಧದ ಕಥೆಯೆಲ್ಲ ದುಃಶ್ರುತಿಯಾಗುವುದಾದರೆ ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯನ್ನು ಏನೆನ್ನಬೇಕು? ಯಮದಂಡನೂ ವಿದ್ಯುಚ್ಚೋರನೂ ಬಾಲ್ಯದ ಗೆಳೆಯರು. ಒಬ್ಬನು ಮಿಥಿಲೆಯ ತಳಾರನಾಗುತ್ತಾನೆ, ಮತ್ತೊಬ್ಬನು ಆ ಊರಿನಲ್ಲಿಯೇ ಕಳ್ಳನಾಗುತ್ತಾನೆ. ಹಗಲು ಕುಷ್ಠರೋಗಿಯ ವೇಷದಲ್ಲಿ ಪಾಳುದೇಗುಲದಲ್ಲಿ ಬಿದ್ದುಕೊಂಡಿದ್ದು ಅರಮನೆಯ ಹಾರವನ್ನು ಕದಿಯುವ ಈ ಕಳ್ಳನ ಜಾಣ್ಮೆಗೂ, ಅರಸನ ಗಡುವಿನಲ್ಲಿ ಸಿಕ್ಕಿ ತಲ್ಲಣಿಸುವ ತಳಾರನ ಪಾಡಿಗೂ ಇಂದಿನ ಯಾವ ಧಾರಾವಾಹಿಯೂ ಸರಿಗಟ್ಟಲಾರದು. ಕಥೆಗಾರನು ಕಳ್ಳನ ಚಾತುರ್ಯವನ್ನು ಮುಚ್ಚಿಡುವುದಿಲ್ಲ. ಓದುಗನು ಅದನ್ನು ಸವಿಯುತ್ತಾನೆ. ಆದರೂ ಯಾವ ಶ್ರಾವಕನೂ ಆ ಗ್ರಂಥವನ್ನು ದೂರವಿಟ್ಟಿಲ್ಲ. ಅಂತೂ ದೋಷವಿರುವುದು ಅಪರಾಧವು ಕಥಾವಸ್ತುವಾದುದರಲ್ಲಿ ಅಲ್ಲ.

ಹಾಗಾದರೆ ಎಲ್ಲಿ? ಉಮಾಸ್ವಾತಿಗಳು ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಹೇಳಿದ ನಾಲ್ಕು ಭಾವನೆಗಳು ಇಲ್ಲಿ ದಾರಿ ತೋರಿಸುತ್ತವೆ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ತಿದ್ದಲಾಗದ ಅವಿನೇಯರಲ್ಲಿ ಮಾಧ್ಯಸ್ಥ್ಯ. ಭಾವಕ್ಕೆ ತಕ್ಕ ಪಾತ್ರವನ್ನು ಗುರುತಿಸುವುದೇ ಈ ಸೂತ್ರದ ಹೃದಯ. ಟಾಮಿ ಶೆಲ್ಬಿ ಇರುಳು ನಿದ್ದೆಯಿಲ್ಲದೆ, ಗೋಡೆಯಾಚೆ ಶತ್ರುಗಳ ಗುದ್ದಲಿಯ ಸದ್ದು ಕೇಳಿದಂತಾಗಿ ಬೆವರುವಾಗ ನೋಡುಗನಲ್ಲಿ ಕಾರುಣ್ಯ ಹುಟ್ಟಿದರೆ ಅದು ಯೋಗ್ಯವೇ. ಯುದ್ಧದ ಪರಿಣಾಮವನ್ನು ತೋರಿಸಿದ್ದಾರೆಂದು ಮೆಚ್ಚುವವರ ಮಾತು ಇಷ್ಟರಮಟ್ಟಿಗೆ ಸರಿ. ಅದೇ ಟಾಮಿ ನಿಧಾನಗತಿಯಲ್ಲಿ, ಸಂಗೀತದ ಅಬ್ಬರದೊಡನೆ, ಹೊಡೆದುರುಳಿಸಿದವನನ್ನು ದಾಟಿ ನಡೆದುಬರುವಾಗ ನೋಡುಗನ ಎದೆ ಹಿಗ್ಗಿದರೆ, ಗುಣಾಧಿಕನಿಗೆ ಸಲ್ಲಬೇಕಾದ ಪ್ರಮೋದ ಅವಿನೇಯನಿಗೆ ಸಂದಿತು. ಧಾರಾವಾಹಿಯ ಕೌಶಲವಿರುವುದು, ಮೊದಲು ಹುಟ್ಟಿಸಿದ ಕಾರುಣ್ಯವನ್ನೇ ಬಂಡವಾಳವಾಗಿಸಿ ಮುಂದೆ ಈ ಪ್ರಮೋದವನ್ನು ಪಡೆದುಕೊಳ್ಳುವುದರಲ್ಲಿ.

‘ಮನೆಯವರಿಗಾಗಿ’ ಎಂಬ ಸಮರ್ಥನೆಯೂ ಈ ಕೌಶಲದ ಫಲವೇ. ವ್ಯಾಪಾರ-ವಹಿವಾಟಿನಲ್ಲಿ ಬದುಕುವ ಸಮಾಜಕ್ಕೆ ಈ ಮಾತು ಬೇಗ ಒಪ್ಪಿಗೆಯಾಗುವಂಥದು. ತೂಕದಲ್ಲಿ ಮೋಸ ಮಾಡುವವನೂ, ಲೆಕ್ಕದಲ್ಲಿ ಸುಳ್ಳು ಬರೆಯುವವನೂ ತನ್ನೊಳಗೆ ಹೇಳಿಕೊಳ್ಳುವುದು ಇದನ್ನೇ. ವಿಷಯಸಂರಕ್ಷಣೆಗಾಗಿ ಕ್ರೂರವಾಗುವ ಚಿಂತನೆಯನ್ನು ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಒಂದಾಗಿ ಎಣಿಸಿರುವುದು ಸುಮ್ಮನೆ ಅಲ್ಲ. ಬರ್ಮಿಂಗ್‌ಹ್ಯಾಮಿನ ಗೂಂಡಾನನ್ನು ಈ ನೆಪದಿಂದ ಕ್ಷಮಿಸಿದವನು ತನ್ನ ಅಂಗಡಿಯ ಗಲ್ಲೆಯ ಮುಂದೆ ಅದನ್ನು ಮರೆಯುವನೆಂದು ನಂಬುವುದು ಕಷ್ಟ.

ಇನ್ನು ಇತಿಹಾಸದ ಮಾತು. ಬರ್ಮಿಂಗ್‌ಹ್ಯಾಮಿನವರೇ ಆದ ಇತಿಹಾಸಕಾರ ಕಾರ್ಲ್ ಚಿನ್ ಈ ಗುಂಪುಗಳ ನಿಜವಾದ ಚರಿತ್ರೆಯನ್ನು ಶೋಧಿಸಿದ್ದಾರೆ. ಅವು ಇದ್ದದ್ದು ೧೯೧೯ರಲ್ಲಲ್ಲ, ಮುಖ್ಯವಾಗಿ ೧೮೯೦ರ ದಶಕದಲ್ಲಿ. ಅವರು ಬೀದಿಯ ಪುಂಡರು, ಸಾಮ್ರಾಜ್ಯ ಕಟ್ಟಿದವರಲ್ಲ. ಟೋಪಿಯ ಅಂಚಿನಲ್ಲಿ ಬ್ಲೇಡು ಹೊಲಿದುಕೊಳ್ಳುತ್ತಿದ್ದರೆಂಬುದನ್ನೂ ಅವರು ಒಪ್ಪುವುದಿಲ್ಲ. ಅವರ ಮುತ್ತಜ್ಜನೇ ಇಂಥ ಪುಂಡರಲ್ಲೊಬ್ಬನಾಗಿದ್ದು ಹೆಂಡತಿಯನ್ನು ಹೊಡೆಯುತ್ತಿದ್ದನೆಂಬುದನ್ನು ಅವರು ಮರೆಮಾಚಿಲ್ಲ. ‘ಮನೆಯವರಿಗಾಗಿ’ ಎಂಬ ಮಾತಿಗೆ ಇದಕ್ಕಿಂತ ಖಚಿತವಾದ ಉತ್ತರ ಬೇಕಿಲ್ಲ. ೧೮೯೭ರಲ್ಲಿ ಜಾರ್ಜ್ ಸ್ನೈಪ್ ಎಂಬ ಪೊಲೀಸ್ ಪೇದೆ ಇಂಥವರು ಎಸೆದ ಇಟ್ಟಿಗೆಯ ಏಟಿಗೆ ಸತ್ತನು. ‘ಪೀಕಿ ಬ್ಲೈಂಡರ್ಸ್’ ಎಂಬ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ೧೮೯೦ರ ಮಾರ್ಚಿನ ಒಂದು ಘಟನೆಯಿಂದ. ಜಾರ್ಜ್ ಈಸ್ಟ್‌ವುಡ್ ಎಂಬವನು ಪಡಖಾನೆಗೆ ಹೋಗಿ ಮದ್ಯವನ್ನಲ್ಲ, ಮಾದಕವಲ್ಲದ ಶುಂಠಿಯ ಪಾನೀಯವನ್ನು ಕೇಳಿದನು. ಅಷ್ಟಕ್ಕೇ ಅವನನ್ನು ಕೆಣಕಿ, ಹೊರಗೆ ಬೆನ್ನಟ್ಟಿ, ಬೆಲ್ಟಿನ ಬಕಲುಗಳಿಂದ ತಲೆಬುರುಡೆ ಒಡೆಯುವಂತೆ ಹೊಡೆದರು. ಮದ್ಯವನ್ನು ಒಲ್ಲೆನೆಂದವನು ಪಟ್ಟ ಪಾಡು ಇದು. ಆರು ಸರಣಿಗಳ ವೈಭವದಲ್ಲಿ ಈಸ್ಟ್‌ವುಡ್ಡನಿಗೆ ಜಾಗವಿಲ್ಲ. ಈ ಧಾರಾವಾಹಿಯಿಂದ ಚರಿತ್ರೆ ತಿಳಿಯಿತೆನ್ನುವವರು ಈ ಹೆಸರನ್ನೂ ತಿಳಿದಿರುವುದು ಒಳ್ಳೆಯದು.

ವಿದೇಶದ ಮೇಲೆ ಮಾತ್ರ ಬೊಟ್ಟು ಮಾಡಿ ತೋರಿಸಿದರೆ ಅನ್ಯಾಯವಾದೀತು. ೨೦೧೮ರ ‘ಕೆ.ಜಿ.ಎಫ್.’ ಚಿತ್ರವೂ ಹೊಡೆದು ಮೇಲೇರುವವನನ್ನೇ ನಾಯಕನನ್ನಾಗಿಸಿ ಶಿಳ್ಳೆ ಗಿಟ್ಟಿಸಿತು. ೨೦೦೧ರಲ್ಲಿ ಮುಚ್ಚಿದ ಕೋಲಾರದ ಗಣಿಗಳಲ್ಲಿ ದೂಳು ಕುಡಿದು ಪುಪ್ಪುಸ ಕೆಡಿಸಿಕೊಂಡ ನಿಜವಾದ ಕಾರ್ಮಿಕರನ್ನು ಆ ಶಿಳ್ಳೆಯ ನಡುವೆ ನೆನೆದವರು ವಿರಳ.

ಕೊಲೆಯೆಂದರೇನೆಂಬುದು ಧಾರವಾಡಕ್ಕೆ ತಿಳಿಯದ ಸಂಗತಿಯೂ ಅಲ್ಲ. ೨೦೧೫ರ ಆಗಸ್ಟ್ ೩೦ರ ಬೆಳಿಗ್ಗೆ ಡಾ. ಎಂ.ಎಂ. ಕಲಬುರ್ಗಿಯವರನ್ನು ಕಲ್ಯಾಣನಗರದ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಹಳಗನ್ನಡ ಗ್ರಂಥಗಳಿಗೆ ಆಯುಷ್ಯವನ್ನು ಸವೆಸಿದ ವಿದ್ವಾಂಸರವರು. ಅಲ್ಲಿ ನಿಧಾನಗತಿಯಿರಲಿಲ್ಲ, ಸಂಗೀತವಿರಲಿಲ್ಲ. ಉಳಿದದ್ದು ಒಂದು ಮನೆಯ ದುಃಖ, ಒಂದು ಊರಿನ ದಿಗಿಲು. ಆ ದಿನವನ್ನು ಕಂಡ ಊರಿನವರು ತೆರೆಯ ಮೇಲಿನ ಪಿಸ್ತೂಲನ್ನು ಬೇರೆ ಕಣ್ಣಿನಿಂದ ನೋಡಬೇಕೆಂದು ಅಪೇಕ್ಷಿಸಿದರೆ ತಪ್ಪಲ್ಲ. ಮಕ್ಕಳಿಗೆ ನೋಡಬೇಡಿರೆಂದು ಗದರಿಸಿದರೆ ಅವರು ಮೊಬೈಲಿನಲ್ಲಿ ಒಬ್ಬರೇ ನೋಡುತ್ತಾರೆ. ಜೊತೆಗೆ ಕುಳಿತು ಹೊಡೆಸಿಕೊಂಡವನ ಬಗೆಗೂ ಎರಡು ಮಾತು ಆಡುವ ಹಿರಿಯರು ಹೆಚ್ಚಿನ ಕೆಲಸ ಮಾಡುತ್ತಾರೆ.

ಇಷ್ಟಾದರೂ ಧಾರಾವಾಹಿಯ ಕೊನೆಯ ಕಂತಿನ ಬಗೆಗೆ ಒಂದು ಮಾತು ಹೇಳದೆ ಬಿಡುವಂತಿಲ್ಲ. ತಾನು ಸಾಯುವ ರೋಗಿಯೆಂದು ನಂಬಿಸಿ ವಂಚಿಸಿದ ವೈದ್ಯನ ಮುಂದೆ ಟಾಮಿ ಪಿಸ್ತೂಲು ಹಿಡಿದು ನಿಂತಿದ್ದಾನೆ. ಅಷ್ಟರಲ್ಲಿ ಗಡಿಯಾರ ಹನ್ನೊಂದು ಹೊಡೆಯುತ್ತದೆ. ೧೯೧೮ರಲ್ಲಿ ಯುದ್ಧವಿರಾಮವಾದ ಗಳಿಗೆ ಅದು. ಅವನು ಕೈ ಕೆಳಗಿಳಿಸಿ, ಕೊಲ್ಲದೆ, ಬಿಳಿಯ ಕುದುರೆಯನ್ನೇರಿ ಹೊರಟುಹೋಗುತ್ತಾನೆ. ನೋಡಿದವರಲ್ಲಿ ಕೆಲವರು ಇದನ್ನು ಇಡೀ ಕಥೆಯ ಅತ್ಯುತ್ತಮ ಗಳಿಗೆಯೆನ್ನುತ್ತಾರೆ. ಅವನು ಗುಂಡು ಹೊಡೆಯಬೇಕಾಗಿತ್ತೆಂದು, ಮೂವತ್ತಾರು ಕಂತುಗಳ ತರುವಾಯವೂ, ಹಳಹಳಿಸುವವರೂ ಇದ್ದಾರೆ.